ಪಿಟೀಲುವಾದಕ ಗ್ರಪೆಲ್ಲಿ

ಇಂಗ್ಲಿಷಿನಲ್ಲಿ ಈ ಒಂದೇ ವಾದ್ಯಕ್ಕೆ ಎರಡು ಹೆಸರುಂಟು. ಸಭಾಮಂದಿರದಲ್ಲಿ ಸ್ವರಲಿಪಿಯನ್ನು ಮುಂದಿಟ್ಟುಕೊಂಡು ನುಡಿಸಿದರೆ ಅದು ‘ವಯೊಲಿನ್’. ಹಳ್ಳಿಯ ಕುಣಿತಕ್ಕೂ ಮದುವೆಯ ಮನೆಗೂ ನುಡಿಸಿದರೆ ಅದೇ ‘ಫಿಡ್ಲ್’. ಮರವೂ ಅದೇ, ತಂತಿಗಳೂ ನಾಲ್ಕೇ. ಬೇರೆಯಾದದ್ದು ಮರ್ಯಾದೆ ಮಾತ್ರ. ನಮ್ಮ ‘ಪಿಟೀಲು’ ಎಂಬ ಮಾತು ಹುಟ್ಟಿದ್ದು ಈ ಎರಡನೆಯ ಹೆಸರಿನಿಂದ. ಕೇಶಿರಾಜನು ಕೇಳಿದ್ದರೆ ಅದನ್ನು ಅಪಭ್ರಂಶ ಪ್ರಕರಣದಲ್ಲಿ ಹೇಗೆ ಸಾಧಿಸುತ್ತಿದ್ದನೋ ಕಾಣೆ. ಆದರೆ ಮೈಸೂರು ಚೌಡಯ್ಯನವರನ್ನು ‘ಪಿಟೀಲು ಚೌಡಯ್ಯ’ ಎಂದು ಪ್ರೀತಿಯಿಂದ ಕರೆದ ನಮ್ಮ ಜನ ಆ ಪಂಕ್ತಿಭೇದವನ್ನು ಗಣಿಸಲಿಲ್ಲವೆಂಬುದು ಸಂತೋಷದ ಸಂಗತಿ.

ಈ ಎರಡು ಹೆಸರುಗಳ ನಡುವಣ ಗೋಡೆಯನ್ನು ಎಪ್ಪತ್ತು ವರ್ಷಕ್ಕೂ ಮೀರಿದ ಕಾಲ ಲೆಕ್ಕಿಸದೆ ಬಾಳಿದ ಕಲಾವಿದರೊಬ್ಬರ ವಿಷಯವನ್ನು ತಮ್ಮ ಮುಂದೆ ಇಡಬೇಕೆಂದಿದ್ದೇನೆ. ಅವರು ಪ್ಯಾರಿಸ್ ನಗರದ ಸ್ತೆಫಾನ್ ಗ್ರಪೆಲ್ಲಿ. ಹುಟ್ಟಿದ್ದು ೧೯೦೮ರ ಜನವರಿ ೨೬ರಂದು. ತಾಯಿ ಫ್ರೆಂಚರು, ತಂದೆ ಇಟಲಿಯವರು. ಮಗು ತೀರ ಚಿಕ್ಕದಾಗಿದ್ದಾಗಲೇ ತಾಯಿ ತೀರಿಕೊಂಡರು. ತಂದೆ ಪುಸ್ತಕಪ್ರಿಯರು, ವಿದ್ಯಾವಂತರು, ಆದರೆ ಕೈಯಲ್ಲಿ ಕಾಸಿಲ್ಲದವರು. ನರ್ತಕಿ ಐಸಡೋರ ಡಂಕನ್ ಅವರ ಶಾಲೆಯಲ್ಲಿ ಹುಡುಗನನ್ನು ಬಿಟ್ಟರು. ಅಷ್ಟರಲ್ಲಿ ೧೯೧೪ರ ಮಹಾಯುದ್ಧ ಬಂದಿತು. ತಂದೆ ಇಟಲಿಯ ಸೈನ್ಯಕ್ಕೆ ಹೋದರು, ಶಾಲೆ ಮುಚ್ಚಿತು, ಹುಡುಗ ಅನಾಥಾಲಯದ ಪಾಲಾದ. ಅಲ್ಲಿ ನೆಲದ ಮೇಲೆ ಮಲಗಿದ, ಹೊಟ್ಟೆಗಿಲ್ಲದೆ ದಿನ ಕಳೆದ.

ಯುದ್ಧ ಮುಗಿದು ತಂದೆ ಹಿಂದಿರುಗಿದ ಮೇಲೆ, ಹನ್ನೆರಡರ ಸುಮಾರಿನ ಮಗನಿಗೆ ಒಂದು ಚಿಕ್ಕ ಪಿಟೀಲನ್ನು ತಂದುಕೊಟ್ಟರು. ಅದಕ್ಕೆ ಹಣ ಒದಗಿದ್ದು ತಮ್ಮ ಸೂಟನ್ನು ಒತ್ತೆಯಿಟ್ಟು. ಗುರುದಕ್ಷಿಣೆಗೆ ಗತಿಯಿಲ್ಲದ್ದರಿಂದ ತಂದೆ ಮಕ್ಕಳಿಬ್ಬರೂ ಗ್ರಂಥಾಲಯದಿಂದ ಪುಸ್ತಕ ತಂದು ಸ್ವರಪಾಠವನ್ನು ತಾವೇ ಕಲಿತರು. ಕಮಾನು ಹಿಡಿಯುವ ಬಗೆಯನ್ನು ಹುಡುಗ ಬೀದಿಯ ವಾದಕರನ್ನು ನೋಡಿ ಕಲಿತ. ಮುಂದೆ ಪ್ಯಾರಿಸಿನ ಸರ್ಕಾರಿ ಸಂಗೀತಶಾಲೆಯಲ್ಲಿ ೧೯೨೦ರಿಂದ ೧೯೨೩ರವರೆಗೆ ಶಾಸ್ತ್ರವನ್ನೂ ಓದಿದ್ದುಂಟು. ಆದರೆ ಜೀವನ ನಡೆದದ್ದು ವಠಾರದ ಅಂಗಳಗಳಲ್ಲಿ ನುಡಿಸಿ, ಮಹಡಿಯಿಂದ ಎಸೆದ ಕಾಸನ್ನು ಆರಿಸಿಕೊಂಡು. ಆಮೇಲೆ ಮೂಕಿಚಿತ್ರ ತೋರಿಸುವ ಮಂದಿರದ ಹಿಮ್ಮೇಳದಲ್ಲಿ. ಅಮೆರಿಕದ ನೀಗ್ರೋ ಜನರ ಜಾಸ್ ಸಂಗೀತ ಅವರ ಕಿವಿಗೆ ಬಿದ್ದದ್ದು ಆ ದಿನಗಳಲ್ಲಿಯೇ. ಕೆಲವು ಕಾಲ ಪಿಟೀಲನ್ನು ಮೂಲೆಗಿಟ್ಟು ಪಿಯಾನೊ ನುಡಿಸಿದರು. ಅದರಲ್ಲಿ ಸಂಪಾದನೆ ಹೆಚ್ಚು!

೧೯೩೪ರಲ್ಲಿ ಪ್ಯಾರಿಸಿನ ಒಂದು ದೊಡ್ಡ ಹೋಟೆಲಿನ ವಾದ್ಯಗೋಷ್ಠಿಯಲ್ಲಿ ಗ್ರಪೆಲ್ಲಿಯವರಿಗೆ ಕೆಲಸ. ಒಮ್ಮೆ ವಿರಾಮದಲ್ಲಿ ತೆರೆಯ ಹಿಂದೆ ಹೊಸ ತಂತಿ ಕಟ್ಟಿ, ಶ್ರುತಿ ಮಾಡಿಕೊಂಡು, ಸುಮ್ಮನೆ ಏನನ್ನೋ ನುಡಿಸಿದರು. ಅದೇ ಗೋಷ್ಠಿಯ ಗಿಟಾರುವಾದಕ ಜಾಂಗೊ ರೈನ್‌ಹಾರ್ಟ್ ತಾನೂ ಜೊತೆಗೂಡಿದ. ಈತ ಅಲೆಮಾರಿ ಜಿಪ್ಸಿ ಕುಲದವನು, ಓದುಬರಹ ಬಾರದವನು, ೧೯೨೮ರಲ್ಲಿ ಬಂಡಿಯ ಮನೆಗೆ ಬೆಂಕಿ ಬಿದ್ದಾಗ ಎಡಗೈಯ ಎರಡು ಬೆರಳು ಸುಟ್ಟು ಮುರುಟಿಹೋಗಿದ್ದುವು. ಉಳಿದ ಬೆರಳುಗಳಲ್ಲಿಯೇ ಅವನು ತೋರಿದ ವೇಗವನ್ನು ಧ್ವನಿಮುದ್ರಿಕೆಯಲ್ಲಿ ಕೇಳಿದರೆ ನಂಬುವುದು ಕಷ್ಟ. ಹೀಗೆ ಹುಟ್ಟಿತು ‘ಹಾಟ್ ಕ್ಲಬ್ ಆಫ್ ಫ್ರಾನ್ಸ್’ನ ಪಂಚವಾದ್ಯಗೋಷ್ಠಿ: ಒಂದು ಪಿಟೀಲು, ಮೂರು ಗಿಟಾರು, ಒಂದು ದೊಡ್ಡ ಬೇಸ್ ಪಿಟೀಲು. ತಾಳವಾದ್ಯವಿಲ್ಲ, ತುತ್ತೂರಿಯಿಲ್ಲ. ಜಾಸ್ ಎಂದರೆ ಕಹಳೆಯ ಅಬ್ಬರವೆಂದು ತಿಳಿದಿದ್ದ ಲೋಕಕ್ಕೆ ಬರಿಯ ತಂತಿಗಳಿಂದ ಜಾಸ್ ಕೇಳಿಸಿದವರು ಇವರು. ಇಬ್ಬರ ಸ್ವಭಾವವೂ ಎಣ್ಣೆ ಸೀಗೆಕಾಯಿ. ಜಾಂಗೊ ಕಚೇರಿಗೆ ತಡವಾಗಿ ಬರುವನು, ಒಮ್ಮೊಮ್ಮೆ ಬಾರದೆಯೂ ಇರುವನು. ಗ್ರಪೆಲ್ಲಿ ನಯ, ನಾಜೂಕು, ಶಿಸ್ತು. ಆದರೂ ನುಡಿಸಲು ಕುಳಿತರೆ ಒಂದೇ ಉಸಿರು.

೧೯೩೭ರಲ್ಲಿ ಎಡ್ಡಿ ಸೌತ್ ಎಂಬ ಅಮೆರಿಕದ ನೀಗ್ರೋ ವಾದಕರೊಡನೆ ಸೇರಿ ಬಾಕ್ ಮಹಾಶಯನ ಎರಡು ಪಿಟೀಲುಗಳ ಕೃತಿಯ ಮೊದಲ ಭಾಗವನ್ನು ಜಾಸ್ ಲಯದಲ್ಲಿ ನುಡಿಸಿ ಮುದ್ರಿಸಿದರು. ತ್ಯಾಗರಾಜರ ಕೃತಿಯನ್ನು ಯಾರಾದರೂ ಸಿನಿಮಾ ಹಾಡಿನ ತಾಳಕ್ಕೆ ಕೂರಿಸಿದರೆ ನಮ್ಮ ಮನೆಗಳಲ್ಲಿ ಏನಾಗುವುದೆಂಬುದನ್ನು ಊಹಿಸಿಕೊಂಡರೆ ಆ ಸಾಹಸದ ಅಳತೆ ತಿಳಿದೀತು.

೧೯೩೯ರಲ್ಲಿ ಮತ್ತೆ ಯುದ್ಧ. ಲಂಡನಿನಲ್ಲಿದ್ದ ಗೋಷ್ಠಿ ಒಡೆಯಿತು. ಜಾಂಗೊ ಪ್ಯಾರಿಸಿಗೆ ಓಡಿದ. ಗ್ರಪೆಲ್ಲಿ ಲಂಡನಿನಲ್ಲಿಯೇ ಉಳಿದು, ಜಾರ್ಜ್ ಶಿಯರಿಂಗ್ ಎಂಬ ಅಂಧ ಪಿಯಾನೊವಾದಕನೊಡನೆ ನುಡಿಸಿದರು. ೧೯೪೬ರಲ್ಲಿ ಗೆಳೆಯರಿಬ್ಬರೂ ಮತ್ತೆ ಕಲೆತು ಫ್ರಾನ್ಸಿನ ರಾಷ್ಟ್ರಗೀತೆಯನ್ನು ತಮ್ಮ ಬಾನಿಯಲ್ಲಿ ಮುದ್ರಿಸಿದರು. ೧೯೫೩ರಲ್ಲಿ ಜಾಂಗೊ ತೀರಿಕೊಂಡ. ಆಮೇಲಿನ ವರ್ಷಗಳು ಮಂಕಾದುವು. ಅರವತ್ತರ ಅಂಚಿನಲ್ಲಿ ಗ್ರಪೆಲ್ಲಿ ಪ್ಯಾರಿಸಿನ ಒಂದು ಹೋಟೆಲಿನಲ್ಲಿ ಊಟ ಮಾಡುವವರಿಗಾಗಿ ನುಡಿಸುತ್ತಿದ್ದರು. ನಮ್ಮಲ್ಲಿ ಆ ವಯಸ್ಸಿಗೆ ನಿವೃತ್ತಿ ವೇತನದ ಕಾಗದಪತ್ರಗಳನ್ನು ಹುಡುಕುತ್ತಿರುತ್ತೇವೆ.

ಅವರ ಎರಡನೆಯ ಜೀವನ ಪ್ರಾರಂಭವಾದದ್ದು ಆಗಲೇ. ೧೯೭೧ರಲ್ಲಿ ಬಿ.ಬಿ.ಸಿ. ದೂರದರ್ಶನದವರು ಅವರನ್ನು ಯೆಹೂದಿ ಮೆನ್ಯುಹಿನ್ ಅವರ ಜೊತೆಗೆ ನಿಲ್ಲಿಸಿದರು. ಮೆನ್ಯುಹಿನ್ ಬಾಲ್ಯದಿಂದಲೇ ಜಗತ್ಪ್ರಸಿದ್ಧರು. ೧೯೫೨ರಲ್ಲಿ ನಮ್ಮ ದೇಶಕ್ಕೂ ಬಂದು ನುಡಿಸಿದವರು. ಅಂಥವರ ಎದುರು ಗ್ರಪೆಲ್ಲಿಗೆ ಅಳುಕು. ಇತ್ತ ಮೆನ್ಯುಹಿನ್ನರಿಗೂ ಅಷ್ಟೇ ಅಳುಕು! ಏಕೆಂದರೆ ಬರೆದಿಟ್ಟುದನ್ನು ಎಷ್ಟು ಶುದ್ಧವಾಗಿ ಬೇಕಾದರೂ ನುಡಿಸಬಲ್ಲ ಆ ಮಹಾವಿದ್ವಾಂಸರಿಗೆ, ನಿಂತಲ್ಲಿ ನಿಂತು ಹೊಸದನ್ನು ಕಟ್ಟುವ ಅಭ್ಯಾಸವಿರಲಿಲ್ಲ. ಮುಂದೆ ಇಬ್ಬರೂ ಸೇರಿ ಮಾಡಿದ ಮುದ್ರಿಕೆಗಳಲ್ಲಿ ಅವರ ‘ಮನೋಧರ್ಮ’ವನ್ನು ಬೇರೆಯವರು ಮೊದಲೇ ಬರೆದುಕೊಡಬೇಕಾಯಿತು. ಗ್ರಪೆಲ್ಲಿಯದು ಒಂದು ಸಲ ನುಡಿಸಿದಂತೆ ಇನ್ನೊಂದು ಸಲ ಇಲ್ಲ. ನಮ್ಮ ಕಛೇರಿಗಳಲ್ಲಿ ಕಲ್ಪನಾಸ್ವರ ಕೇಳಿ ಬೆಳೆದ ತಮಗೆ ಇಬ್ಬರಲ್ಲಿ ಯಾರ ಕಷ್ಟ ಯಾವುದೆಂದು ವಿವರಿಸಬೇಕಾಗಿಲ್ಲ. ಮೂವತ್ತು ವರ್ಷ ಹುಡುಗರಿಗೆ ಪದ್ಯ ಕಂಠಪಾಠ ಮಾಡಿಸಿದ ನನಗಂತೂ ಈ ಪ್ರಸಂಗ ಬಹಳ ಚುಚ್ಚುತ್ತದೆ. ಕಂಠಪಾಠವಿಲ್ಲದೆ ವಿದ್ಯೆಯಿಲ್ಲ, ನಿಜ. ಆದರೆ ಯಾವ ದಿನ ಪುಸ್ತಕ ಮುಚ್ಚಿಸಬೇಕೆಂಬುದನ್ನು ಯಾವ ಪಠ್ಯಕ್ರಮವೂ ಹೇಳುವುದಿಲ್ಲ.

ಮೆನ್ಯುಹಿನ್ ಅವರ ಶಾಲೆಯಲ್ಲಿ ನೈಜೆಲ್ ಕೆನಡಿ ಎಂಬ ಹುಡುಗನಿದ್ದ. ಗ್ರಪೆಲ್ಲಿ ಆ ಶಾಲೆಗೆ ಬಂದಾಗ ಅವರೊಡನೆ ನುಡಿಸಿದವನು. ಆಮೇಲೆ ಅವನು ನ್ಯೂಯಾರ್ಕಿನಲ್ಲಿ ಓದುತ್ತಿದ್ದಾಗ ಗ್ರಪೆಲ್ಲಿ ತಮ್ಮ ಕಚೇರಿಯಲ್ಲಿ ಜೊತೆಗೂಡೆಂದು ಕರೆದರು. ಅಲ್ಲಿಯ ಉಪಾಧ್ಯಾಯರು, ಇಂಥದರಲ್ಲಿ ಕಾಣಿಸಿಕೊಂಡರೆ ಶಾಸ್ತ್ರೀಯ ಸಂಗೀತದಲ್ಲಿ ನಿನ್ನ ಭವಿಷ್ಯ ಕೆಟ್ಟಿತೆಂದು ಎಚ್ಚರಿಸಿದರೆಂದು ಕೆನಡಿಯವರೇ ಹೇಳಿಕೊಂಡಿದ್ದಾರೆ. ಹುಡುಗ ವೇದಿಕೆ ಹತ್ತಿಯೇಬಿಟ್ಟ. ಭವಿಷ್ಯವೇನೂ ಕೆಡಲಿಲ್ಲ, ೧೯೮೯ರಲ್ಲಿ ಅವರು ಹೊರತಂದ ವಿವಾಲ್ಡಿಯ ‘ಋತುಗಳು’ ಇಪ್ಪತ್ತು ಲಕ್ಷಕ್ಕೂ ಮಿಕ್ಕಿ ಮಾರಾಟವಾಯಿತು. ಉಪಾಧ್ಯಾಯರ ಪರವಾಗಿಯೂ ಒಂದು ಮಾತು: ಅವರ ಭಯ ಸುಳ್ಳಾಯಿತೇ ಹೊರತು ದುರುದ್ದೇಶದ್ದಾಗಿರಲಿಲ್ಲ.

ಅರವತ್ತೈದು ದಾಟಿದ ಮೇಲೆ ಗ್ರಪೆಲ್ಲಿ ತಿರುಗಿದ ಊರುಗಳಿಗೆ, ಕೂಡಿದ ಜೊತೆಗಾರರಿಗೆ ಲೆಕ್ಕವಿಲ್ಲ. ಅಮೆರಿಕದ ಬೆಟ್ಟಗಾಡಿನ ಫಿಡ್ಲ್ ಸಂಪ್ರದಾಯದ ವ್ಯಾಸರ್ ಕ್ಲೆಮೆಂಟ್ಸ್ ಅವರೊಡನೆ ನುಡಿಸಿದರು. ಮ್ಯಾಂಡೊಲಿನ್‌ವಾದಕ ಡೇವಿಡ್ ಗ್ರಿಸ್ಮನ್ನರ ತಂಡದಲ್ಲಿಯೂ ನುಡಿಸಿದರು. ೧೯೭೫ರಲ್ಲಿ ಪಿಂಕ್ ಫ್ಲಾಯ್ಡ್ ಎಂಬ ತರುಣರ ತಂಡದ ಹಾಡಿಗೆ ನುಡಿಸಿದ್ದು ಆಗಿನ ಮುದ್ರಿಕೆಯಲ್ಲಿ ಕೇಳಿಸುವುದೇ ಇಲ್ಲವೆನ್ನಬೇಕು. ೨೦೧೧ರಲ್ಲಿ ಬೇರೆ ಪಾಠ ಹೊರಬಂದಾಗ ಲೋಕ ಅದನ್ನು ಚೆನ್ನಾಗಿ ಕೇಳಿತು. ೧೯೮೪ರಲ್ಲಿ ನಮ್ಮ ಎಲ್. ಸುಬ್ರಹ್ಮಣ್ಯಂ ಅವರೊಡನೆ ‘ಸಂಭಾಷಣೆಗಳು’ ಎಂಬರ್ಥದ ಹೆಸರಿನ ಮುದ್ರಿಕೆಯನ್ನು ಮಾಡಿದರು. ಇಷ್ಟೆಲ್ಲ ಮನೆ ಹೊಕ್ಕರೂ ಅವರು ಯಾವ ಮನೆಯಲ್ಲಿಯೂ ವೇಷ ಹಾಕಲಿಲ್ಲ. ಆ ಹಗುರವಾದ ಕಮಾನು, ಸ್ವರದಿಂದ ಸ್ವರಕ್ಕೆ ನಗುತ್ತ ಜಾರುವ ಬೆರಳು ಎಲ್ಲೆಲ್ಲಿಯೂ ಒಂದೇ. ಅವರದು ಬಹುರೂಪವಲ್ಲವೆಂದು ನನ್ನ ಎಣಿಕೆ.

ಯೌವನದಲ್ಲಿ ಮಿಷೆಲ್ ವಾರ್ಲೊ ಎಂಬ ಸಹವಾದಕ ಅವರಿಗೊಂದು ಪಿಟೀಲನ್ನು ಕೊಟ್ಟಿದ್ದ. ಆ ವಾದ್ಯವು ಮುಂದೆ ಜಾನ್‌ಲುಕ್ ಪೊಂಟಿ, ದಿದಿಯೆ ಲಾಕ್‌ವುಡ್ ಎಂಬ ಕಿರಿಯರ ಕೈಗೆ ಸಂದಿತು. ಗ್ರಪೆಲ್ಲಿ ಕೊನೆಯ ವರ್ಷಗಳಲ್ಲಿ ಗಾಲಿಕುರ್ಚಿಯಲ್ಲಿ ಕುಳಿತೇ ನುಡಿಸುತ್ತ, ೧೯೯೭ರ ಡಿಸೆಂಬರ್ ೧ರಂದು ಪ್ಯಾರಿಸಿನಲ್ಲಿ ತೀರಿಕೊಂಡರು.

ಕೇಳುವ ಆಸೆಯಾದವರು ಮೊದಲು ೧೯೩೭ರ ಬಾಕ್ ಮುದ್ರಿಕೆಯನ್ನು ಕೇಳಿ, ಅದಾದ ಮೇಲೆ ಮೆನ್ಯುಹಿನ್ನರೊಡನೆ ನುಡಿಸಿದ್ದನ್ನು ಕೇಳಬಹುದು. ಮನೆಯಲ್ಲಿ ಪಿಟೀಲು ಕಲಿಯುವ ಮಕ್ಕಳಿದ್ದರೆ ಅವರನ್ನೂ ಕೂರಿಸಿಕೊಳ್ಳಿ. ಎರಡು ಪಿಟೀಲುಗಳಲ್ಲಿ ಯಾವುದು ಯಾರದೆಂದು ಅವರೇ ಹೇಳಲಿ.