ಹೊಲದಡಿಯ ಅನಿಲ, ಗುಡ್ಡದ ಮೇಲಿನ ಗಾಳಿ

ನಮ್ಮ ಐಮಂಗಲದಿಂದ ಹೆದ್ದಾರಿ ಹಿಡಿದು ಚಿತ್ರದುರ್ಗದ ಕಡೆ ಹೊರಟರೆ ಗುಡ್ಡದ ಸಾಲಿನ ಮೇಲೆ ಗಾಳಿಯಂತ್ರಗಳು ತಿರುಗುವುದು ಕಾಣುತ್ತದೆ. ಅದು ಎಲ್ಲರ ಕಣ್ಣಿಗೆ ಬೀಳುವ ಶಕ್ತಿ. ಕಣ್ಣಿಗೆ ಬೀಳದ ಇನ್ನೊಂದು ಶಕ್ತಿ ನಮ್ಮ ಜಿಲ್ಲೆಯ ನೆಲದಡಿ ಹರಿಯುತ್ತಿದೆ. ಮಹಾರಾಷ್ಟ್ರದ ದಾಭೋಳ್ ಕಡಲತೀರದಿಂದ ಬೆಳಗಾವಿ, ಧಾರವಾಡ, ದಾವಣಗೆರೆ, ಚಿತ್ರದುರ್ಗ, ತುಮಕೂರು ಜಿಲ್ಲೆಗಳನ್ನು ಹಾದು ಬೆಂಗಳೂರು ಮುಟ್ಟುವ ಗೇಲ್ ಸಂಸ್ಥೆಯ ಅನಿಲ ಕೊಳವೆ ಅದು. ಉದ್ದ ಸುಮಾರು 1000 ಕಿಲೋಮೀಟರ್. ಅನಿಲ ಹರಿಯತೊಡಗಿದ್ದು 2013ರಲ್ಲಿ.

ಇಂಥ ಕೊಳವೆ ಹಾದುಹೋದ ಹೊಲ ರೈತನ ಹೆಸರಿನಲ್ಲೇ ಇರುತ್ತದೆ. ಕೊಳವೆಮಾರ್ಗಗಳ 1962ರ ಕಾಯ್ದೆಯ ಪ್ರಕಾರ ಸರ್ಕಾರ ಪಡೆಯುವುದು ಬಳಕೆಯ ಹಕ್ಕನ್ನು ಮಾತ್ರ. ಅಲ್ಲಿ ರಾಗಿ, ಶೇಂಗಾ ಬಿತ್ತಬಹುದು. ಆದರೆ ಕೊಳವೆ ಹಾದ ಪಟ್ಟಿಯಲ್ಲಿ ಮನೆ ಕಟ್ಟುವಂತಿಲ್ಲ, ಬಾವಿ ತೋಡುವಂತಿಲ್ಲ, ಮರ ನೆಡುವಂತಿಲ್ಲ. ತೆಂಗು, ಅಡಿಕೆಯನ್ನೇ ನಂಬಿದ ಹಿರಿಯೂರು ಸೀಮೆಯವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ. ಊರಿನ ಬೆಳಕಿಗೆ ಒಬ್ಬ ರೈತ ತನ್ನ ತೋಟದ ಕನಸಿನಲ್ಲಿ ಒಂದು ಪಟ್ಟಿ ಬಿಟ್ಟುಕೊಟ್ಟಿದ್ದಾನೆ. ಅನಿಲದ ಲೆಕ್ಕ ಹಾಕುವಾಗ ಅವನನ್ನು ಮರೆಯಬಾರದು.

ಈ ಅನಿಲದ ಬಹುಪಾಲು ಮೀಥೇನ್. ನಮ್ಮ ದೇಶ ಬಳಸುವ ನೈಸರ್ಗಿಕ ಅನಿಲದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಹೊರಗಿನಿಂದ ಬರುತ್ತದೆ. ಕತಾರಿನಂಥ ದೇಶಗಳಲ್ಲಿ ಅದನ್ನು ಸೊನ್ನೆಗಿಂತ ಕೆಳಗೆ 162 ಡಿಗ್ರಿಯವರೆಗೆ ತಣಿಸಿದರೆ ದ್ರವವಾಗಿ ಆರುನೂರರಲ್ಲಿ ಒಂದು ಪಾಲಿಗೆ ಕುಗ್ಗುತ್ತದೆ. ಹಡಗಿನಲ್ಲಿ ಬಂದಿಳಿದ ಮೇಲೆ ಮತ್ತೆ ಅನಿಲವಾಗಿ ಕೊಳವೆ ಸೇರುತ್ತದೆ.

ಇದರಿಂದ ಒಳಿತಾಗಿದೆ. ಕಲ್ಲಿದ್ದಲು ಉರಿಸಿ ವಿದ್ಯುತ್ ತೆಗೆಯುವಾಗ ಹೊರಬೀಳುವ ಇಂಗಾಲದ ಡೈಆಕ್ಸೈಡಿನ ಸುಮಾರು ಅರ್ಧದಷ್ಟೇ ಅನಿಲದಿಂದ ಬರುತ್ತದೆ. ಹಾರುಬೂದಿಯಿಲ್ಲ, ಗಂಧಕದ ಹೊಗೆ ಇಲ್ಲವೆನ್ನುವಷ್ಟು ಕಡಿಮೆ. ಯಲಹಂಕದಲ್ಲಿ ಡೀಸೆಲ್ ಸ್ಥಾವರವಿದ್ದ ಕಡೆ ಕರ್ನಾಟಕ ವಿದ್ಯುತ್ ನಿಗಮದ 370 ಮೆಗಾವಾಟ್ ಅನಿಲ ಸ್ಥಾವರ 2024ರಲ್ಲಿ ಉದ್ಘಾಟನೆಯಾಯಿತು. 2021ರಲ್ಲಿ ಉದ್ಘಾಟನೆಯಾದ ಕೊಚ್ಚಿಯ ಕೊಳವೆ ಕಾಸರಗೋಡು ದಾಟಿ ಮಂಗಳೂರಿಗೆ ಬಂದ ಮೇಲೆ ಅಲ್ಲಿನ ರಸಗೊಬ್ಬರ ಕಾರ್ಖಾನೆ ನಾಫ್ತಾ ಬಿಟ್ಟು ಅನಿಲದಿಂದ ಯೂರಿಯಾ ಮಾಡತೊಡಗಿತು.

ಅಡುಗೆಮನೆಗೆ ಬರುವ ಅನಿಲದ ಬಗ್ಗೆ ತಾಯಂದಿರಿಗೆ ಒಂದು ಮಾತು. ಸಿಲಿಂಡರಿನ ಅನಿಲ ಗಾಳಿಗಿಂತ ಭಾರ, ಸೋರಿದರೆ ನೆಲದ ಮೇಲೆ ಹರಡಿ ಕೂರುತ್ತದೆ. ಕೊಳವೆಯಲ್ಲಿ ಬರುವುದು ಗಾಳಿಗಿಂತ ಹಗುರ, ಮೇಲಕ್ಕೇರುತ್ತದೆ. ಹಾಗಾಗಿ ಅಡುಗೆಮನೆಯ ಗೋಡೆಯ ಮೇಲ್ಭಾಗದಲ್ಲಿ ಗವಾಕ್ಷಿ ಬೇಕು. ಮೀಥೇನಿಗೆ ಸ್ವಂತ ವಾಸನೆಯಿಲ್ಲ. ಸೋರಿದ್ದು ತಿಳಿಯಲೆಂದೇ ಅದಕ್ಕೆ ಕೆಟ್ಟ ವಾಸನೆ ಬೆರೆಸುತ್ತಾರೆ.

ಸೋರಿಕೆ ಅಂದೆ. ನಾನು ಇವತ್ತು ಹೇಳಲು ಬಂದಿರುವುದು ಅದನ್ನೇ. ನೀರಿನ ಬೆಲೆ ತಿಳಿದ ಸೀಮೆ ನಮ್ಮದು. ಕೊಡ ತೂತಾಗಿದ್ದರೆ ಬಾವಿ ಎಷ್ಟು ತುಂಬಿದ್ದರೂ ಮನೆಗೆ ನೀರು ಬರುವುದಿಲ್ಲ. ಅನಿಲದ ಮಾತೂ ಹಾಗೇ, ಆದರೆ ನಷ್ಟ ಇನ್ನೂ ದೊಡ್ಡದು. ಉರಿಯದೆ ಆಕಾಶ ಸೇರಿದ ಮೀಥೇನ್ ಇಪ್ಪತ್ತು ವರ್ಷಗಳ ಲೆಕ್ಕದಲ್ಲಿ ಇಂಗಾಲದ ಡೈಆಕ್ಸೈಡಿಗಿಂತ 80 ಪಟ್ಟಿಗೂ ಹೆಚ್ಚು ಶಾಖ ಹಿಡಿದಿಡುತ್ತದೆ. ಅನಿಲದ ಬಾವಿಯಿಂದ ಒಲೆಯವರೆಗಿನ ದಾರಿಯಲ್ಲಿ ನೂರಕ್ಕೆ ಮೂರು ಪಾಲಿನಷ್ಟು ಸೋರಿಹೋದರೆ, ಕಲ್ಲಿದ್ದಲಿನ ಬದಲು ಅನಿಲ ಉರಿಸಿದ ಪುಣ್ಯವೆಲ್ಲ ಆ ಇಪ್ಪತ್ತು ವರ್ಷಗಳ ಮಟ್ಟಿಗೆ ಕರಗಿಹೋಗುತ್ತದೆ.

ಸೋರಿಕೆ ಪ್ರಾಣವನ್ನೂ ತೆಗೆಯುತ್ತದೆ. 2014ರ ಜೂನ್ 27ರ ಬೆಳಗಿನ ಜಾವ ಆಂಧ್ರದ ಪೂರ್ವ ಗೋದಾವರಿ ಜಿಲ್ಲೆಯ ನಗರಂ ಗ್ರಾಮದಲ್ಲಿ ಕೊಳವೆಯಿಂದ ಸೋರಿದ ಅನಿಲಕ್ಕೆ ಬೆಂಕಿ ತಗುಲಿ, ಸುತ್ತಲಿನ ಮನೆಗಳಲ್ಲಿದ್ದ ಹದಿನೈದಕ್ಕೂ ಹೆಚ್ಚು ಜನ ಸತ್ತರು. ಕೊಳವೆ ಹಾಕಿದವರು ಅದನ್ನು ವರ್ಷವರ್ಷವೂ ಪರೀಕ್ಷಿಸಿ, ಹೊಲದವರಿಗೆ ಕನ್ನಡದಲ್ಲಿ ತಿಳಿಸಬೇಕು. ಕೇಳುವುದು ನಮ್ಮ ಹಕ್ಕು.

ಹಾಗಾದರೆ ಅನಿಲ ಬೇಡವೇ? ಬೇಕು, ಅಳತೆಯಲ್ಲಿ ಬೇಕು. ಆಷಾಢದಲ್ಲಿ ಸೆರಗು ನಿಲ್ಲದಂತೆ ಬೀಸುವ ಗಾಳಿ ಬೇರೆ ತಿಂಗಳಲ್ಲಿ ಎಲೆಯನ್ನೂ ಅಲುಗಿಸದೆ ಇರುವುದುಂಟು. ಪಕ್ಕದ ಪಾವಗಡದ 2050 ಮೆಗಾವಾಟ್ ಸೌರ ಉದ್ಯಾನ ಹೊತ್ತು ಮುಳುಗಿದರೆ ಮಲಗುತ್ತದೆ. ಅನಿಲದ ಯಂತ್ರವನ್ನು ಕಲ್ಲಿದ್ದಲಿನ ಸ್ಥಾವರಕ್ಕಿಂತ ಬಹಳ ಬೇಗ ಏರಿಸಬಹುದು, ಇಳಿಸಬಹುದು. ಗಾಳಿ ಬಿದ್ದ ಸಂಜೆಗೆ ಅದು ಆಸರೆ. ಗಾಳಿ ಬಿಸಿಲುಗಳ ಜಾಗವನ್ನೇ ಅದು ಹಿಡಿದುಕೊಂಡರೆ ನಾವು ದಾರಿ ತಪ್ಪಿದಂತೆ.

ಇನ್ನು, ಮೀಥೇನ್ ಹಡಗಿನಲ್ಲೇ ಬರಬೇಕೆಂದಿಲ್ಲ. ಅದು ನಮ್ಮ ಕೊಟ್ಟಿಗೆಯಲ್ಲೇ ಹುಟ್ಟುತ್ತದೆ. 1974ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರು ಕಟ್ಟಿದ 'ಅಸ್ತ್ರ' ಬಳಗ ಕುಣಿಗಲ್ ತಾಲ್ಲೂಕಿನ ಪುರ ಎಂಬ ಪುಟ್ಟ ಹಳ್ಳಿಯಲ್ಲಿ ಇದನ್ನು ಮಾಡಿ ತೋರಿಸಿತು. ಮನೆಮನೆಯವರು ಸಗಣಿ ತಂದು ಹಾಕಿದರು. ಅದರ ಅನಿಲ ಎಂಜಿನ್ ಓಡಿಸಿತು, ಕೊಳವೆಬಾವಿಯ ನೀರೆತ್ತಿತು, ಮನೆಗಳಿಗೆ ದೀಪ ಕೊಟ್ಟಿತು. ಉಳಿದ ಬಗ್ಗಡ ಗೊಬ್ಬರವಾಗಿ ತಂದವರಿಗೇ ಮರಳಿತು.

ಆ ಅನಿಲವೂ ಮೀಥೇನೇ, ಅದೂ ಸೋರಬಾರದು. ಆದರೆ ಆ ಕೊಡ ನಮ್ಮ ಕೈಯಲ್ಲೇ ಇರುತ್ತದೆ; ತೂತು ಬಿದ್ದರೆ ಮೊದಲು ತಿಳಿಯುವುದೂ ನಮಗೇ. ದೂರದಿಂದ ಬರುವ ಕೊಡದ ತೂತು ಇಲ್ಲಿಂದ ಕಾಣುವುದಿಲ್ಲ. ಅದಕ್ಕೇ, ನಿಮ್ಮ ಊರಿಗೆ ಕೊಳವೆ ಅನಿಲ ಬಂದ ದಿನ ದರ ಎಷ್ಟೆಂದು ಕೇಳಿ. ಅದರ ಜೊತೆಗೇ ಸೋರಿಕೆ ಎಷ್ಟೆಂದೂ ಕೇಳಿ.