ಪೆಟ್ಟಾದ ಮೇಲಿನ ಆಟ

ನಾನು ಟೆನಿಸ್ ಆಡಿದವನಲ್ಲ. ಬ್ಯಾಂಕಿನ ಗುಮಾಸ್ತನಾಗಿ ನಿವೃತ್ತನಾದವನು, ಆ ಆಟವನ್ನು ಟಿ.ವಿ.ಯಲ್ಲಿ ನೋಡಿದವನು. ಆದರೂ ಇವತ್ತು ಅದರ ಮಾತನ್ನೇ ಎತ್ತಿಕೊಂಡಿದ್ದೇನೆ. ದೊಡ್ಡ ಪೆಟ್ಟು ತಿಂದು, 'ಇವರ ಕಥೆ ಮುಗಿಯಿತು' ಅನ್ನಿಸಿಕೊಂಡ ಮೇಲೂ ಅಂಗಣಕ್ಕೆ ಮರಳಿದ ಹಿರಿಯ ಆಟಗಾರರಿಂದ ನಮ್ಮ ಗಡಿನಾಡಿನ ಅಡಿಕೆ ತೋಟಗಳಿಗೂ ಒಂದು ಪಾಠವಿದೆ.

ಬ್ರಿಟನ್ನಿನ ಆಂಡಿ ಮರ್ರೆ ಎರಡು ಸಲ ವಿಂಬಲ್ಡನ್ ಗೆದ್ದವರು. 2019ರ ಜನವರಿಯಲ್ಲಿ, 31ನೆಯ ವಯಸ್ಸಿನಲ್ಲಿ, ಮೆಲ್ಬರ್ನ್ ನಗರದಲ್ಲಿ ಪತ್ರಕರ್ತರ ಮುಂದೆ ಕಣ್ಣೀರು ಹಾಕಿದರು. ಸೊಂಟದ ನೋವು ಎಷ್ಟಿತ್ತೆಂದರೆ ಕಾಲಿಗೆ ಶೂ ಹಾಕಿಕೊಳ್ಳುವುದೂ ಕಷ್ಟವಾಗಿತ್ತು. ಅದೇ ತಮ್ಮ ಕೊನೆಯ ಪಂದ್ಯಾವಳಿ ಆಗಬಹುದು ಎಂದರು.

ನಮ್ಮ ತೊಡೆ ಎಲುಬಿನ ತುದಿ ಚೆಂಡಿನ ಹಾಗಿದೆ. ಸೊಂಟದ ಎಲುಬಿನಲ್ಲಿ ಆ ಚೆಂಡು ಕೂರಲು ಒಂದು ಬಟ್ಟಲಿದೆ. ನಡುವಿನ ಮೆತ್ತನೆಯ ಪದರ ಸವೆದರೆ ಎಲುಬಿಗೆ ಎಲುಬು ಉಜ್ಜುತ್ತದೆ. ಆ ತಿಂಗಳ ಕೊನೆಯಲ್ಲೇ ಮರ್ರೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರು. ಚೆಂಡನ್ನು ಕತ್ತರಿಸಿ ತೆಗೆಯದೆ, ಅದರ ಮೇಲ್ಮೈ ಕೆತ್ತಿ ಲೋಹದ ಟೋಪಿ ತೊಡಿಸಿದರು. ಬಟ್ಟಲಿಗೂ ಲೋಹದ ಒಳಪದರ ಕೂರಿಸಿದರು. ಈ ದಾರಿಯಲ್ಲಿ ಅವರಿಗಿಂತ ಮುಂಚೆ ನಡೆದವರು ಅಮೆರಿಕದ ಡಬಲ್ಸ್ ಆಟಗಾರ ಬಾಬ್ ಬ್ರಯಾನ್. 2018ರಲ್ಲಿ ಇಂಥದೇ ಚಿಕಿತ್ಸೆ ಪಡೆದು, ಮರುವರ್ಷ 40ನೆಯ ವಯಸ್ಸಿನಲ್ಲಿ ತಮ್ಮ ಅವಳಿ ಸಹೋದರ ಮೈಕ್ ಜೊತೆ ಮಯಾಮಿಯಲ್ಲಿ ಪ್ರಶಸ್ತಿ ಗೆದ್ದಿದ್ದರು.

ಮರ್ರೆ ಮರಳಿದ ಕ್ರಮವನ್ನು ಗಮನಿಸಿ. ನೇರವಾಗಿ ಒಂಟಿ ಆಟಕ್ಕೆ ಹಾರಲಿಲ್ಲ. ಜೂನ್ ತಿಂಗಳಲ್ಲಿ ಮೊದಲು ಡಬಲ್ಸ್ ಆಡಿದರು. ಅಲ್ಲಿ ಅಂಗಣದ ಅರ್ಧಭಾಗವನ್ನು ಜೊತೆಗಾರ ನೋಡಿಕೊಳ್ಳುತ್ತಾನೆ, ಓಟ ಕಡಿಮೆ. ಅಕ್ಟೋಬರ್‌ನಲ್ಲಿ ಬೆಲ್ಜಿಯಂ ದೇಶದ ಆಂಟ್ವರ್ಪ್‌ನಲ್ಲಿ ಸಿಂಗಲ್ಸ್ ಪ್ರಶಸ್ತಿಯನ್ನೇ ಗೆದ್ದರು. 2023ರ ಜನವರಿಯಲ್ಲಿ, 35ನೆಯ ವಯಸ್ಸಿನಲ್ಲಿ, ಅದೇ ಮೆಲ್ಬರ್ನ್‌ನಲ್ಲಿ 5 ಗಂಟೆ 45 ನಿಮಿಷ ಆಡಿ ಬೆಳಗಿನ ಜಾವ ನಾಲ್ಕು ಗಂಟೆ ದಾಟಿದ ಮೇಲೆ ಗೆದ್ದರು. ಹಳೆಯ ಮೊದಲ ಸ್ಥಾನ ಅವರಿಗೆ ಮತ್ತೆ ಸಿಗಲಿಲ್ಲ. ಆದರೂ 2024ರ ಪ್ಯಾರಿಸ್ ಒಲಿಂಪಿಕ್ಸ್‌ವರೆಗೆ ಆಡಿಯೇ ನಿವೃತ್ತರಾದರು.

ನಮ್ಮವರೇ ಆದ ಕೊಡಗಿನ ರೋಹನ್ ಬೋಪಣ್ಣ ಅವರ ಮೊಣಕಾಲುಗಳ ಮೆತ್ತನೆಯ ಪದರವೂ ಸವೆದುಹೋಗಿತ್ತು. ಅವರು ಅಯ್ಯಂಗಾರ್ ಯೋಗವನ್ನು ಹಿಡಿದರು. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಹುಟ್ಟಿ ಪುಣೆಯಲ್ಲಿ ನೆಲೆಸಿದ ಬಿ.ಕೆ.ಎಸ್. ಅಯ್ಯಂಗಾರ್ ಅವರ ಪದ್ಧತಿ ಅದು. 2024ರಲ್ಲಿ, 43ನೆಯ ವಯಸ್ಸಿನಲ್ಲಿ, ಬೋಪಣ್ಣ ಆಸ್ಟ್ರೇಲಿಯನ್ ಓಪನ್ ಪುರುಷರ ಡಬಲ್ಸ್ ಗೆದ್ದು ಜಗತ್ತಿನ ಮೊದಲ ಸ್ಥಾನಕ್ಕೇರಿದರು. 2025ರ ನವೆಂಬರ್‌ನಲ್ಲಿ ನಿವೃತ್ತಿ ಹೇಳಿದರು.

ಎಲ್ಲರಿಗೂ ಹೀಗಾಗುವುದಿಲ್ಲ. ಅರ್ಜೆಂಟೀನಾದ ಡೆಲ್ ಪೋಟ್ರೊ ಮಣಿಕಟ್ಟಿನ ಶಸ್ತ್ರಚಿಕಿತ್ಸೆಗಳನ್ನು ಜಯಿಸಿ 2016ರ ಒಲಿಂಪಿಕ್ಸ್‌ನಲ್ಲಿ ಬೆಳ್ಳಿ ಪದಕ ಪಡೆದವರು. ಆಮೇಲೆ ಮೊಣಕಾಲಿನ ಚಿಪ್ಪು ಒಡೆಯಿತು. ಎಷ್ಟು ಚಿಕಿತ್ಸೆ ಮಾಡಿಸಿದರೂ ಆ ಕಾಲು ಅವರ ಮಾತು ಕೇಳಲಿಲ್ಲ. ಛಲವೊಂದಿದ್ದರೆ ಸಾಕು ಎನ್ನುವುದು ಪೂರ್ತಿ ನಿಜವಲ್ಲ.

ಟೆನಿಸ್‌ನಲ್ಲಿ ಇನ್ನೊಂದು ಒಳ್ಳೆಯ ನಿಯಮವಿದೆ. ಗಾಯದಿಂದ ಆರು ತಿಂಗಳು ಅಥವಾ ಅದಕ್ಕಿಂತ ಹೆಚ್ಚು ಕಾಲ ಆಡಲಾಗದ ಪುರುಷ ಆಟಗಾರ ಅರ್ಜಿ ಹಾಕಿದರೆ, ಅವನ ಹಳೆಯ ಸ್ಥಾನದ ಲೆಕ್ಕವನ್ನು ಕಾದಿಡುತ್ತಾರೆ. ಮರಳಿ ಬಂದಾಗ ಕೆಲವು ಪಂದ್ಯಾವಳಿಗಳಿಗೆ ಆ ಲೆಕ್ಕದ ಮೇಲೆ ಪ್ರವೇಶ ಸಿಗುತ್ತದೆ. ರಜೆ ಮೇಲೆ ಹೋದ ನೌಕರನ ಕುರ್ಚಿಯನ್ನು ಕಾದಿಟ್ಟ ಹಾಗೆ. ಪಂದ್ಯ ಗೆಲ್ಲಿಸಿ ಕೊಡುವುದಿಲ್ಲ, ಬಾಗಿಲು ಮುಚ್ಚುವುದೂ ಇಲ್ಲ.

ಈಗ ನಮ್ಮ ಊರಿಗೆ ಬರೋಣ. ಗೊನೆ ಕೊಯ್ಯುವಾಗಲೋ, ಮದ್ದು ಬಿಡುವಾಗಲೋ ಅಡಿಕೆ ಮರದಿಂದ ಬಿದ್ದವರು ಯಾವ ಊರಿನಲ್ಲಿಲ್ಲ? ಸಾಲ ಮಾಡಿಯಾದರೂ ಮಂಗಳೂರಿಗೆ ಕರೆದೊಯ್ದು ಎಲುಬು ಕೂಡಿಸುತ್ತೇವೆ. ಮನೆಗೆ ಬಂದ ಮೇಲೆ ವೈದ್ಯರು ಹೇಳಿದ ವ್ಯಾಯಾಮ ನಾಲ್ಕು ದಿನಕ್ಕೆ ನಿಂತುಹೋಗುತ್ತದೆ. 'ಇನ್ನು ನಿನಗೆ ಯಾಕಪ್ಪಾ, ಸುಮ್ಮನೆ ಕೂತಿರು' ಎನ್ನುತ್ತೇವೆ. ಪ್ರೀತಿಯಿಂದಲೇ ಹೇಳುವ ಮಾತು ಅದು. ಆದರೆ ಮೂವತ್ತು ವರ್ಷ ಮರ ಹತ್ತಿದ ಮನುಷ್ಯನಿಗೆ ಅದು ಎರಡನೆಯ ಬೀಳುವಿಕೆ.

ಅವನು ಮತ್ತೆ ಮರ ಹತ್ತಬೇಕಾಗಿಲ್ಲ. ಮರ್ರೆ ಡಬಲ್ಸ್‌ನಿಂದ ಶುರುಮಾಡಿದ ಹಾಗೆ, ಕೂತು ಅಡಿಕೆ ಸುಲಿಯಬಹುದು, ಹೆಕ್ಕಿ ವಿಂಗಡಿಸಬಹುದು, ಯಾವ ಮರದ ಗೊನೆ ಹಣ್ಣಾಯಿತೆಂದು ಹುಡುಗರಿಗೆ ತೋರಿಸಬಹುದು. ಆ ಕಣ್ಣಿಗೆ ಪೆಟ್ಟಾಗಿಲ್ಲವಲ್ಲ! ವೈದ್ಯರು ಹೇಳಿದಷ್ಟು ದಿನ ವ್ಯಾಯಾಮ ಮಾಡಿಸೋಣ, ದೇಹ ಒಪ್ಪುವ ಕೆಲಸ ಕೊಡೋಣ, ಆ ಕೆಲಸಕ್ಕೆ ತಕ್ಕ ಕೂಲಿಯನ್ನೂ ಕೊಡೋಣ. ಎಲ್ಲಕ್ಕಿಂತ ಮುಖ್ಯವಾಗಿ, ತೋಟದಲ್ಲಿ ಅವನ ಜಾಗವನ್ನು ಕಾದಿಡೋಣ.