ಕರ್ಣ ಬಾಯಿ ಬಿಟ್ಟ ದಿನ

(ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳ ಹಾಸ್ಟೆಲ್ ವಿದ್ಯಾರ್ಥಿಗಳ ಮುಂದೆ ಆಡಿದ ಮಾತು)

ನಮ್ಮ ಸೀಮೆಯಲ್ಲಿ ಎತ್ತ ನೋಡಿದರೂ ಕೋಟೆ. ಮಧುಗಿರಿಯಲ್ಲಿ, ಪಾವಗಡದಲ್ಲಿ, ಸಿರಾದಲ್ಲಿ, ಕೊರಟಗೆರೆ ಕಡೆ ಚನ್ನರಾಯನದುರ್ಗದಲ್ಲಿ. ಆಳಿದ ಪಾಳೇಗಾರರ ಹೆಸರು ಪುಸ್ತಕದಲ್ಲಿದೆ. ಕಲ್ಲು ಹೊತ್ತವರ, ರಾತ್ರಿಯೆಲ್ಲ ಬಾಗಿಲು ಕಾಯ್ದವರ ಹೆಸರು ಯಾರು ಬರೆದರು? ಮೇಲಿನವನು ಬೈದಾಗ ಅವರು ಏನೆಂದು ತಿರುಗಿ ಅಂದರು? ಅದು ಕೋಟೆಯ ಕಲ್ಲಿಗೇ ಗೊತ್ತು. ಅದಕ್ಕೇ ಇವತ್ತು ನಾವು ಕಾವ್ಯದಲ್ಲಿರುವ ಒಬ್ಬ ಸೈನಿಕನ ಮಾತು ಎತ್ತಿಕೊಂಡಿದ್ದೇವೆ.

ಕ್ರಿ.ಶ. 941ರ ಸುಮಾರಿಗೆ ಪಂಪ ‘ವಿಕ್ರಮಾರ್ಜುನ ವಿಜಯ’ ಬರೆದ. ಅದರಲ್ಲಿ ದುರ್ಯೋಧನ ಭೀಷ್ಮನಿಗೆ ಸೇನಾಪತಿಯ ಪಟ್ಟ ಕಟ್ಟುತ್ತಾನೆ. ತುಂಬಿದ ಸಭೆ. ಸಾರಥಿಯ ಮನೆಯಲ್ಲಿ ಬೆಳೆದ ಕರ್ಣ ಎದ್ದು ನಿಲ್ಲುತ್ತಾನೆ. ಈ ಮುದುಕನಿಗೆ ಯಾಕೆ ಪಟ್ಟ, ನನಗೆ ಕಟ್ಟು ಅನ್ನುತ್ತಾನೆ. ದ್ರೋಣನಿಗೆ ಸಿಟ್ಟು ಬರುತ್ತದೆ. ಆದರೆ ಅವನು ಪಟ್ಟದ ಮಾತಿಗೆ ಉತ್ತರ ಕೊಡುವುದಿಲ್ಲ. ನಿನ್ನ ನಾಲಗೆಯೇ ನಿನ್ನ ಕುಲ ಯಾವುದು ಅಂತ ಹೇಳ್ತಾ ಇದೆ ಅನ್ನುತ್ತಾನೆ.

ಈ ಮಾತು ನಮಗೆ ಹೊಸದಾ? ಅನ್ನದಲ್ಲಿ ಹುಳ ಇದೆ ಅಂದರೆ, ಸ್ಕಾಲರ್‌ಶಿಪ್ಪು ಎಲ್ಲಿ ಅಂತ ಕೇಳಿದರೆ, ‘ನಿಮ್ಮ ಜಾತಿ ಬುದ್ಧಿ ಎಲ್ಲಿ ಹೋಗ್ತದ್ಲಾ’ ಅನ್ನುವವರು ಇದ್ದೇ ಇದ್ದಾರೆ. ಕೇಳಿದ್ದು ಅನ್ನ, ಸಿಕ್ಕ ಉತ್ತರ ಜಾತಿ. ಸಾವಿರ ವರ್ಷವಾದರೂ ದ್ರೋಣನ ವರಸೆ ಬದಲಾಗಿಲ್ಲ.

ಇದೇ ದ್ರೋಣ ಹೆಬ್ಬೆರಳು ಕೇಳಿದಾಗ ಏಕಲವ್ಯ ಮಾತಾಡದೆ ಕೊಯ್ದು ಕೊಟ್ಟ. ಕರ್ಣ ಬಾಯಿ ಬಿಟ್ಟ. ಕುಲ ಹೋಗಿ ಶತ್ರುವನ್ನು ಇರಿಯುತ್ತದಾ ಅಂತ ಕೇಳಿದ. ಛಲ, ಗುಣ, ಸ್ವಾಭಿಮಾನ, ಪರಾಕ್ರಮ, ಇವೇ ಮನುಷ್ಯನ ಕುಲ ಎಂದು ಸಾರಿದ. ಮುಂದೆ ತಾನೇ ಸೇನಾಪತಿಯಾಗುವ ಗುರುವಿಗೆ ಎಲ್ಲರೆದುರು ಕೊಟ್ಟ ಉತ್ತರ ಅದು. ಕೊನೆಗೆ ಅವನು ಕುಂತಿಯ ಮಗನೇ ತಾನೆ ಎಂದು ಸಮಾಧಾನ ಹೇಳುವವರಿದ್ದಾರೆ. ಆ ಸಮಾಧಾನ ನಮಗೆ ಬೇಡ. ಸಾರಥಿಯ ಮಗನಾಗಿಯೇ ಅವನಾಡಿದ ಮಾತು ನಮಗೆ ಸಾಕು.

ಆದರೆ ಕರ್ಣನನ್ನು ಬರೀ ಹೊಗಳಿದರೆ ಸಾಲದು. ಭೀಷ್ಮನ ಮುಪ್ಪನ್ನು ಆಡಿಕೊಂಡದ್ದು ತಪ್ಪು. ಒಬ್ಬನ ಹುಟ್ಟನ್ನು ಹಂಗಿಸುವುದೂ, ಇನ್ನೊಬ್ಬನ ಮುಪ್ಪನ್ನು ಹಂಗಿಸುವುದೂ ದೂರದ ನೆಂಟರಲ್ಲ. ಜೊತೆಗೆ ಅವನು ಒಬ್ಬನೇ ನಿಂತ. ಭೀಷ್ಮ ಬೀಳುವ ತನಕ ಬಿಲ್ಲು ಹಿಡಿಯುವುದಿಲ್ಲ ಎಂದು ಹತ್ತು ದಿನ ಯುದ್ಧ ಬಿಟ್ಟು ಕೂತ. ಅವನ ಸಿಟ್ಟು ಅವನೊಬ್ಬನದಾಗಿಯೇ ಉಳಿಯಿತು. ಉಳಿದ ಸೂತರ ಮಕ್ಕಳಿಗೆ ಅದರಿಂದ ಏನೂ ದಕ್ಕಲಿಲ್ಲ.

ಈಗ ಕಾವ್ಯ ಬಿಟ್ಟು ನಿಜವಾದ ಸೈನಿಕರ ಕಡೆ ಬನ್ನಿ. ಬ್ರಿಟಿಷರ ಬಾಂಬೆ ಸೈನ್ಯದಲ್ಲಿ ಮಹಾರ್ ಸೈನಿಕರು ಬಹಳ ಕಾಲ ಹೋರಾಡಿದ್ದರು. ಬಾಬಾಸಾಹೇಬರ ತಂದೆ ರಾಮ್‌ಜಿಯವರು ಸುಬೇದಾರರಾಗಿದ್ದರು. 1890ರ ದಶಕದ ಆರಂಭದಲ್ಲಿ ಸರ್ಕಾರ ಮಹಾರರ ಭರ್ತಿಯನ್ನೇ ನಿಲ್ಲಿಸಿತು. ಗುಂಡಿಗೆ ಎದೆ ಕೊಟ್ಟಾಗ ಕಾಣದ ಜಾತಿ ಆಗ ಕಂಡಿತು. ನಿವೃತ್ತ ಸೈನಿಕ ಗೋಪಾಲ ಬಾಬಾ ವಲಂಗ್‌ಕರ್ 1894ರಲ್ಲಿ ಅರ್ಜಿ ಬರೆದರು. 1910ರಲ್ಲಿ ಶಿವರಾಮ್ ಜಾನ್‌ಬಾ ಕಾಂಬ್ಳೆ ಮತ್ತೆ ಬರೆದರು. ಮೊದಲ ಮಹಾಯುದ್ಧ ಬಂದಾಗ ಕರೆದರು, ಮುಗಿದ ಮೇಲೆ ಕಳಿಸಿದರು. ಕೊನೆಗೆ 1941ರಲ್ಲಿ ಮಹಾರ್ ರೆಜಿಮೆಂಟ್ ಕಟ್ಟಿದ್ದು ಎಲ್ಲಿ? ನಮ್ಮ ಬೆಳಗಾವಿಯಲ್ಲೇ. ಮೊದಲ ಅರ್ಜಿಯಿಂದ ಲೆಕ್ಕ ಹಾಕಿ, 47 ವರ್ಷ. ಬರೆದವರಲ್ಲಿ ಕೆಲವರು ಅದನ್ನು ನೋಡಲು ಬದುಕಿರಲಿಲ್ಲ. ಆದರೂ ಬರೆದರು, ತಮ್ಮೊಬ್ಬರಿಗಾಗಿ ಅಲ್ಲ.

ಗೆಳೆಯರೆ, ನಮಗೆ ಕರ್ಣನ ನಾಲಗೆಯೂ ಬೇಕು, ಆ ಸೈನಿಕರ ಅರ್ಜಿಯೂ ಬೇಕು. ನಾಳೆ ನಿಮ್ಮಲ್ಲಿ ಯಾರೋ ಪೊಲೀಸಿಗೆ ಸೇರುತ್ತೀರಿ, ಯಾರೋ ಮಿಲಿಟರಿಗೆ, ಯಾರೋ ತಾಲ್ಲೂಕು ಆಫೀಸಿಗೆ. ಮೇಲಿನವನು ಕೆಲಸದ ತಪ್ಪು ಹೇಳಿದರೆ ತಿದ್ದಿಕೊಳ್ಳೋಣ. ಜಾತಿ ಎತ್ತಿದರೆ ತಲೆ ತಗ್ಗಿಸುವುದು ಬೇಡ. ಕೈ ಎತ್ತುವುದೂ ಬೇಡ, ಅವನಿಗೆ ಬೇಕಾಗಿರುವುದು ಅದೇ. ಅವತ್ತೇ ಬರೆದಿಡಿ: ದಿನ, ಹೊತ್ತು, ಆಡಿದ ಮಾತು, ಕೇಳಿಸಿಕೊಂಡವರು. ಒಬ್ಬರೇ ಹೋಗಬೇಡಿ, ಹತ್ತು ಜನ ಹೋಗಿ. ಅರ್ಜಿಯ ನಕಲಿಗೆ ಸೀಲು ಹಾಕಿಸಿಕೊಳ್ಳಿ. ಸಾರ್ವಜನಿಕರ ಎದುರು ಜಾತಿ ಹಿಡಿದು ಅವಮಾನಿಸುವುದು 1989ರ ದೌರ್ಜನ್ಯ ತಡೆ ಕಾಯಿದೆಯಲ್ಲಿ ಅಪರಾಧ. ಕರ್ಣನಿಗೆ ಆ ಕಾಯಿದೆ ಇರಲಿಲ್ಲ. ನಮಗಿದೆ.

ಕೋಟೆ ಕಾಯ್ದ ನಮ್ಮ ಹಿರೀಕರ ಮಾತನ್ನು ಯಾರೂ ಬರೆದಿಡಲಿಲ್ಲ. ನಮ್ಮ ಮಾತನ್ನು ನಾವೇ ಬರೆದಿಡೋಣ.

ಜೈ ಭೀಮ್.